ಸಕ್ಕರೆ, ಬೆಲ್ಲ, ಜೇನು: ನನ್ನ ಬೆರಳ ತುದಿಯ ಲೆಕ್ಕ

ಗಂಗಾವತಿಯ ಒಂದು ಸಣ್ಣ ಲ್ಯಾಬ್‌ನಲ್ಲಿ 14 ವರ್ಷದಿಂದ ರಕ್ತ ತೆಗೆಯುವ ಕೆಲಸ ಮಾಡುತ್ತಿದ್ದೇನೆ. ಬೆಳಿಗ್ಗೆ ಏಳಕ್ಕೆ ಬಾಗಿಲು ತೆಗೆಯುವ ಹೊತ್ತಿಗೆ ಖಾಲಿ ಹೊಟ್ಟೆಯವರು ಕಟ್ಟೆ ಮೇಲೆ ಕೂತಿರುತ್ತಾರೆ. ಎಲ್ಲರಿಗೂ ನನ್ನದು ಒಂದೇ ಪ್ರಶ್ನೆ, ಏನಾದರೂ ತಿಂದು ಕುಡಿದು ಬಂದಿದ್ದೀರಾ ಅಂತ. ವಾರಕ್ಕೆ ಒಬ್ಬರಾದರೂ ಹೀಗೆ ಹೇಳುತ್ತಾರೆ: “ಇಲ್ಲವ್ವಾ, ಸಕ್ಕರಿ ಮುಟ್ಟಿಲ್ಲ. ಬೆಲ್ಲದ ಚಾ ಒಂದ್ ಕಪ್ ಕುಡದೀನಿ, ಅಷ್ಟ.”

ಅವರು ಸುಳ್ಳು ಹೇಳುತ್ತಿಲ್ಲ. ಬೆಲ್ಲ ಅವರ ಪಾಲಿಗೆ ಸಕ್ಕರೆ ಲೆಕ್ಕಕ್ಕೆ ಬರುವುದೇ ಇಲ್ಲ. ನಾಳೆ ಖಾಲಿ ಹೊಟ್ಟೆಯಲ್ಲಿ ಬನ್ನಿ ಅಂತ ಕಳಿಸುತ್ತೇನೆ. ಬೈಯಲು ಮನಸ್ಸು ಬರುವುದಿಲ್ಲ. ಯಾಕಂದರೆ ಮೂರು ವರ್ಷದ ಹಿಂದೆ ನನ್ನ ಮನೆಯಲ್ಲೂ ಇದೇ ನಂಬಿಕೆ ಇತ್ತು. ಸಕ್ಕರೆ ಡಬ್ಬಿ ಅಟ್ಟ ಸೇರಿತ್ತು. ಚಹಾಕ್ಕೆ ಬೆಲ್ಲ. ಬೆಳಿಗ್ಗೆ ಬಿಸಿನೀರಿಗೆ ಎರಡು ಚಮಚ ಜೇನು. ಸಂಜೆ ಡ್ಯೂಟಿ ಮುಗಿಸಿ ಮನೆಗೆ ಹೋಗುವಾಗ ಒಂದು ಗ್ಲಾಸ್ ದಾಳಿಂಬೆ ಜ್ಯೂಸ್. ನನ್ನ ತವರು ಕುಷ್ಟಗಿ ಕಡೆ, ಅಲ್ಲಿ ದಾಳಿಂಬೆ ತೋಟಕ್ಕೇನು ಬರವಿಲ್ಲ. ಆರೋಗ್ಯಕ್ಕೆ ಇಷ್ಟು ಒಳ್ಳೆಯದು ಮಾಡಿಕೊಳ್ಳುತ್ತಿದ್ದೇನಲ್ಲ ಅಂತ ಸಮಾಧಾನವಿತ್ತು.

ಒಂದು ದಿನ ಬೆಳಿಗ್ಗೆ ಜನ ಕಡಿಮೆ ಇದ್ದರು. ನಾನೂ ಏನೂ ತಿಂದಿರಲಿಲ್ಲ. ಜೊತೆಗೆ ಕೆಲಸ ಮಾಡುವ ಹುಡುಗಿಗೆ ಕೈ ಚಾಚಿ, ನನ್ನದೂ ಒಂದು ತೆಗಿ ಅಂದೆ. ಟ್ಯೂಬನ್ನು ಮಷೀನಿನಲ್ಲಿ ತಿರುಗಿಸಿ ತೆಗೆದಾಗ ಕೆಳಗೆ ಕೆಂಪು ಕಣ ಕೂತು, ಮೇಲೆ ತಿಳಿ ಹಳದಿ ನೀರು ನಿಲ್ಲಬೇಕು. ಅದರ ಹಿಂದೆ ಬೆರಳಿಟ್ಟರೆ ಬೆರಳು ಕಾಣಬೇಕು. ನನ್ನ ಟ್ಯೂಬಿನಲ್ಲಿ ನಿಂತಿದ್ದು ಅಕ್ಕಿ ತೊಳೆದ ನೀರಿನಂಥದ್ದು. ಬೆರಳಿಟ್ಟೆ, ಕಾಣಲಿಲ್ಲ. ಬೇರೆಯವರ ಟ್ಯೂಬಿನಲ್ಲಿ ಇದನ್ನು ನೂರಾರು ಸಲ ನೋಡಿದ್ದೇನೆ. ಆವತ್ತು ಮಾತ್ರ ಸ್ವಲ್ಪ ಹೊತ್ತು ಸುಮ್ನೆ ಅದನ್ನೇ ಹಿಡಿದು ನಿಂತಿದ್ದೆ.

ರಿಪೋರ್ಟ್ ಬಂತು. ಖಾಲಿ ಹೊಟ್ಟೆ ಸಕ್ಕರೆ 112. ಎರಡು ಮೂರು ತಿಂಗಳ ಸರಾಸರಿ ತೋರಿಸುವ ಎಚ್‌ಬಿಎ1ಸಿ 6.2. ಟ್ರೈಗ್ಲಿಸರೈಡ್, ಅಂದರೆ ರಕ್ತದಲ್ಲಿ ತೇಲುವ ಕೊಬ್ಬು, 386. ಅದು 150ರ ಒಳಗಿರಬೇಕು. ಖಾಲಿ ಹೊಟ್ಟೆಯಲ್ಲಿ 126, ಎಚ್‌ಬಿಎ1ಸಿ 6.5 ಮುಟ್ಟಿದರೆ ಮಧುಮೇಹ ಅನ್ನುತ್ತಾರೆ. ನಾನು ಹೊಸ್ತಿಲ ಮೇಲೆ ನಿಂತಿದ್ದೆ. ಡಾಕ್ಟರು ಮಾತ್ರೆ ಬರೆಯಲಿಲ್ಲ. ಮೂರು ತಿಂಗಳು ಊಟ ಸರಿ ಮಾಡಿ ಬಾ ಅಂದರು.

ಯಾವುದನ್ನು ಸರಿ ಮಾಡಬೇಕು? ಸಕ್ಕರೆ ತಿನ್ನುವುದನ್ನು ಬಿಟ್ಟೇ ಬಿಟ್ಟಿದ್ದೆನಲ್ಲ! ಹಾಗಾಗಿ ನನ್ನ ಬೆರಳನ್ನೇ ಕೇಳೋಣ ಅಂತ ನಿರ್ಧಾರ ಮಾಡಿದೆ.

ಮನೆಯಲ್ಲಿ ಗ್ಲುಕೋಮೀಟರ್ ಇತ್ತು. ಅಡುಗೆ ಮನೆಗೆ ಒಂದು ಸಣ್ಣ ತೂಕದ ಯಂತ್ರ ತಂದೆ. ದಿನ ಬಿಟ್ಟು ದಿನ, ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ, ಒಂದು ದಿನ 25 ಗ್ರಾಂ ಸಕ್ಕರೆ, ಇನ್ನೊಂದು ದಿನ 25 ಗ್ರಾಂ ಬೆಲ್ಲ, ಮತ್ತೊಂದು ದಿನ 25 ಗ್ರಾಂ ಜೇನು, ಒಂದೊಂದನ್ನೂ ಒಂದು ಲೋಟ ನೀರಿಗೆ ಕಲಸಿ ಕುಡಿದೆ. ಅರ್ಧ ಗಂಟೆಗೊಮ್ಮೆ ಎರಡು ಗಂಟೆ ತನಕ ಬೆರಳು ಚುಚ್ಚಿ ನೋಡಿದೆ. ಬೆರಳ ತುದಿಯ ನಡುವೆ ಚುಚ್ಚಬೇಡಿ, ನೋವು ಜಾಸ್ತಿ. ಬದಿಗೆ ಚುಚ್ಚಬೇಕು. ಇನ್ನೊಂದು ಮಾತು, ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುವವರು ಡಾಕ್ಟರಿಗೆ ಹೇಳದೆ ಇಂಥ ಪರೀಕ್ಷೆಗೆ ಕೈ ಹಾಕಬೇಡಿ.

ಬೆಲ್ಲದ ದಿನ ಕುಡಿಯುವ ಮೊದಲೇ ಮೀಟರ್ 243 ತೋರಿಸಿತು. ಎದೆ ಧಸಕ್ ಅಂತು. ಆಮೇಲೆ ಕೈ ನೋಡಿಕೊಂಡೆ. ಬೆಲ್ಲ ಕುಟ್ಟಿದ ಅಂಟು ಬೆರಳಲ್ಲೇ ಇತ್ತು. ಸೋಪು ಹಾಕಿ ತೊಳೆದು, ಒರೆಸಿ, ಮತ್ತೆ ನೋಡಿದರೆ 109. ಲ್ಯಾಬ್‌ಗೆ ಬಂದು “ಮನ್ಯಾಗ ಒಮ್ಮೆ ಮುನ್ನೂರು ತೋರಸ್ತು” ಅಂತ ಹೆದರುವವರಿಗೆ ಈಗ ಮೊದಲು ಕೇಳುವುದು, ಕೈ ತೊಳೆದಿದ್ರಾ ಅಂತ.

ಸಕ್ಕರೆಯ ದಿನ ನನ್ನ ರೀಡಿಂಗ್ ಹೆಚ್ಚೆಂದರೆ 161ಕ್ಕೆ ಹೋಯಿತು. ಬೆಲ್ಲದ ದಿನ 157. ಜೇನಿನ ದಿನ 146. ಮನೆಯಲ್ಲಿ ಬಳಸುವ ಮೀಟರಿನಲ್ಲಿ ನೂರಕ್ಕೆ 15ರಷ್ಟು ಹೆಚ್ಚುಕಡಿಮೆ ಆಗಬಹುದು. ಅಂದ ಮೇಲೆ 161ಕ್ಕೂ 157ಕ್ಕೂ ವ್ಯತ್ಯಾಸವೇ ಇಲ್ಲ ಅಂತಲೇ ತಿಳಿಯಬೇಕು. ಒಂದು ವಾರ ಬಿಟ್ಟು ಸಕ್ಕರೆ, ಬೆಲ್ಲ ಎರಡನ್ನೂ ಮತ್ತೊಮ್ಮೆ ಮಾಡಿದೆ. ಈ ಸಲ ಬೆಲ್ಲವೇ ಸಕ್ಕರೆಗಿಂತ ಮೂರು ಅಂಕ ಮೇಲಿತ್ತು.

ಇದರಲ್ಲಿ ಆಶ್ಚರ್ಯವೇನಿಲ್ಲ. ಸಕ್ಕರೆ ಅಂದರೆ ಒಂದು ಗ್ಲೂಕೋಸ್, ಒಂದು ಫ್ರಕ್ಟೋಸ್ ಕೈ ಕೈ ಹಿಡಿದುಕೊಂಡ ಜೋಡಿ. ಹೆಸರು ಸುಕ್ರೋಸ್. ಸಣ್ಣ ಕರುಳಿಗೆ ಬಂದಾಗ ಆ ಕೈ ಬಿಟ್ಟುಹೋಗುತ್ತದೆ. ಬೆಲ್ಲದಲ್ಲೂ ಬಹುಪಾಲು ಇರುವುದು ಇದೇ ಜೋಡಿ, ಜೊತೆಗೆ ಒಂದಿಷ್ಟು ನೀರಿನಂಶ, ಖನಿಜ, ಕಬ್ಬಿನ ಬಣ್ಣ ಮತ್ತು ರುಚಿ. ಜೇನಿನಲ್ಲಿ ಈ ಜೋಡಿಯನ್ನು ಬಿಡಿಸುವ ಕೆಲಸವನ್ನು ಜೇನುಹುಳ ಮೊದಲೇ ಮಾಡಿಟ್ಟಿರುತ್ತದೆ. ಅದರಲ್ಲಿ ಸುಮಾರು ಐದರಲ್ಲಿ ಒಂದು ಪಾಲಿನಷ್ಟು ನೀರೇ ಇರುತ್ತದೆ. ಉಳಿದದ್ದರಲ್ಲಿ ಫ್ರಕ್ಟೋಸ್ ಸ್ವಲ್ಪ ಮೇಲುಗೈ.

ಹಾಗಾದರೆ ಜೇನೇ ವಾಸಿ ಅಲ್ವಾ, ರೀಡಿಂಗ್ ಕಡಿಮೆ ಬಂತಲ್ಲ? ನನಗೂ ಮೊದಲು ಹಾಗೇ ಅನ್ನಿಸಿತು. ಆಮೇಲೆ ಆ ಮಬ್ಬು ಟ್ಯೂಬ್ ನೆನಪಾಯಿತು. ಮೀಟರಿನ ಪಟ್ಟಿಗೆ ಗುರುತು ಸಿಗುವುದು ಗ್ಲೂಕೋಸ್ ಒಂದೇ. ಫ್ರಕ್ಟೋಸ್ ಅದರ ಕಣ್ಣಿಗೆ ಬೀಳುವುದಿಲ್ಲ. ಗ್ಲೂಕೋಸನ್ನು ಸ್ನಾಯು, ಮಿದುಳು ಹೀಗೆ ಇಡೀ ದೇಹ ಹಂಚಿಕೊಂಡು ತಿನ್ನುತ್ತದೆ. ಫ್ರಕ್ಟೋಸಿನ ಹೊರೆ ಹೆಚ್ಚಾಗಿ ಬೀಳುವುದು ಲಿವರ್ ಮೇಲೆ. ಸ್ವಲ್ಪ ಬಂದರೆ ಅದು ನಿಭಾಯಿಸುತ್ತದೆ. ದಿನಾ ಗ್ಲಾಸುಗಟ್ಟಲೆ ಬಂದರೆ ಕೊಬ್ಬು ಮಾಡಿ ರಕ್ತಕ್ಕೆ ಬಿಡುತ್ತದೆ, ತಾನೂ ಒಂದಿಷ್ಟು ತುಂಬಿಕೊಳ್ಳುತ್ತದೆ. ಈ ಕೆಲಸದಲ್ಲಿ ಯೂರಿಕ್ ಆಸಿಡ್ ಕೂಡ ಏರುತ್ತದೆ. ಜೇನು ಕುಡಿದ ದಿನ ಬೆರಳು ಹೇಳದೆ ಬಿಟ್ಟ ಮಾತನ್ನು ಆ ಟ್ಯೂಬ್ ಹೇಳಿತ್ತು.

ಆಮೇಲೆ ಒಂದು ದಿನದ ಸಿಹಿಯನ್ನೆಲ್ಲ ತೂಗಿ ಬರೆದೆ. ನಾಲ್ಕು ಚಹಾ, ಒಂದೊಂದಕ್ಕೆ 10 ಗ್ರಾಂ ಬೆಲ್ಲ. ಎರಡು ಚಮಚ ಜೇನಿನಲ್ಲಿ ಸುಮಾರು 12 ಗ್ರಾಂ ಸಕ್ಕರೆ. 200 ಎಂಎಲ್ ಜ್ಯೂಸಿನಲ್ಲಿ 25ರ ಆಸುಪಾಸು. ಎಲ್ಲ ಸೇರಿ ದಿನಕ್ಕೆ 70 ಗ್ರಾಂ ದಾಟುತ್ತಿತ್ತು. 2015ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಕೊಟ್ಟ ಸಲಹೆ ಪ್ರಕಾರ, ಇಂಥ ಸಿಹಿ ನಮ್ಮ ಒಟ್ಟು ಆಹಾರದ ಶಕ್ತಿಯಲ್ಲಿ ನೂರಕ್ಕೆ 10ರ ಒಳಗಿರಬೇಕು. 5ರ ಒಳಗಿದ್ದರೆ ಇನ್ನೂ ಒಳ್ಳೆಯದು. ಲೆಕ್ಕ ಹಾಕಿದರೆ ಅದು ದಿನಕ್ಕೆ 25 ಗ್ರಾಂ, ಸುಮಾರು ಆರು ಟೀ ಚಮಚ. ಸಕ್ಕರೆ ಮಾತ್ರ ಅಲ್ಲ, ಜೇನು, ಹಣ್ಣಿನ ರಸ ಎಲ್ಲವೂ ಆ ಲೆಕ್ಕದಲ್ಲಿ ಬರುತ್ತವೆ. ಇಡೀ ಹಣ್ಣು ಮತ್ತು ಹಾಲಿನಲ್ಲಿರುವ ಸಕ್ಕರೆ ಬರುವುದಿಲ್ಲ.

ದಾಳಿಂಬೆ ಹಣ್ಣು ಒಳ್ಳೆಯದು, ಅದರ ರಸ ಯಾಕೆ ಬೇಡ ಅಂತ ನನ್ನವರು ಕೇಳಿದರು. ಜ್ಯೂಸ್ ಅಂಗಡಿಯವನು ಒಂದು ಗ್ಲಾಸಿಗೆ ಮೂರು ಹಣ್ಣು ಸುಲಿಯುತ್ತಾನೆ. ಕೂತು ಕಾಳು ಬಿಡಿಸಿ ಮೂರು ಹಣ್ಣು ತಿನ್ನಿ ನೋಡೋಣ ಅಂದೆ. ಅರ್ಧ ಹಣ್ಣಿಗೇ ಸಾಕಾಗುತ್ತದೆ. ನಾರಿನ ಜೊತೆಗೆ ಸಕ್ಕರೆ ನಿಧಾನವಾಗಿ ಇಳಿಯುತ್ತದೆ. ರಸವಾದರೆ ಎರಡು ನಿಮಿಷದಲ್ಲಿ ಗಂಟಲು ದಾಟಿರುತ್ತದೆ.

ನನಗೆ ದೊಡ್ಡ ಪೆಟ್ಟು ಕೊಟ್ಟಿದ್ದು ಮಾತ್ರ ಸಿಹಿಯೇ ಇಲ್ಲದ ತಟ್ಟೆ. ಗಂಗಾವತಿಯಲ್ಲಿದ್ದು ಸೋನಾ ಮಸೂರಿ ಬಿಡುವುದುಂಟೇ? ಮಧ್ಯಾಹ್ನ ತುಂಬು ತಟ್ಟೆ ಅನ್ನ, ಸಾರು ಉಂಡು ಒಂದು ಗಂಟೆಗೆ ನೋಡಿದರೆ 188. 25 ಗ್ರಾಂ ಸಕ್ಕರೆಗಿಂತ ಮೇಲೆ! ಅನ್ನದ ಪಿಷ್ಟ ಅಂದರೆ ಗ್ಲೂಕೋಸಿನ ಉದ್ದನೆ ಸರ. ನಾಲಿಗೆಗೆ ಸಿಹಿ ಹತ್ತುವುದಿಲ್ಲ ಅಷ್ಟೇ, ಕರುಳಿನಲ್ಲಿ ಬಿಚ್ಚಿಕೊಂಡು ಗ್ಲೂಕೋಸೇ ಆಗುತ್ತದೆ. ಇನ್ನೊಂದು ದಿನ ಎರಡು ಜೋಳದ ರೊಟ್ಟಿ, ಪುಂಡಿ ಪಲ್ಯ, ಮೊಳಕೆ ಹೆಸರುಕಾಳು ಉಂಡೆ. 147. ಜೋಳದಲ್ಲೂ ಪಿಷ್ಟವೇ ಇರುವುದು. ಆದರೆ ರೊಟ್ಟಿ ಎರಡಕ್ಕೇ ಹೊಟ್ಟೆ ತುಂಬಿತು, ಜೊತೆಗೆ ಸೊಪ್ಪು, ಕಾಳು ಇತ್ತು. ಅನ್ನವನ್ನು ಯಾರೂ ಎರಡು ತುತ್ತಿಗೆ ನಿಲ್ಲಿಸುವುದಿಲ್ಲವಲ್ಲ.

ಆಮೇಲೆ ಹೀಗೆ ಬದಲಾಯಿಸಿದೆ. ಚಹಾ ನಾಲ್ಕರಿಂದ ಎರಡಕ್ಕೆ ಇಳಿಸಿದೆ. ಒಂದಕ್ಕೆ 5 ಗ್ರಾಂ ಬೆಲ್ಲ, ರುಚಿಗಾಗಿ. ಮೊದಲ ಹತ್ತು ದಿನ ಚಪ್ಪೆ ಅನ್ನಿಸಿತು, ಆಮೇಲೆ ಹೊರಗಿನ ಚಹಾ ಕುಡಿಯಲಾಗದಷ್ಟು ಸಿಹಿ ಅನ್ನಿಸತೊಡಗಿತು. ಜ್ಯೂಸ್ ನಿಲ್ಲಿಸಿದೆ. ಜೇನು ಕೆಮ್ಮು ಬಂದಾಗ ಮಾತ್ರ. ಲ್ಯಾಬ್‌ನಲ್ಲಿ ಚಹಾದ ಜೊತೆ ತಿನ್ನುತ್ತಿದ್ದ ಬಿಸ್ಕತ್ತಿನ ಜಾಗಕ್ಕೆ ಹುರಿದ ಶೇಂಗಾ ಬಂತು. ಮಧ್ಯಾಹ್ನ ಮೊದಲು ರೊಟ್ಟಿ, ಪಲ್ಯ. ಕೊನೆಗೆ ಒಂದು ಸೌಟು ಅನ್ನ, ಮಜ್ಜಿಗೆ. ರಾತ್ರಿ ಉಂಡ ಮೇಲೆ 20 ನಿಮಿಷ ನಡಿಗೆ. ನಡೆಯುವ ಕಾಲು ಇನ್ಸುಲಿನ್‌ಗೆ ಕಾಯದೆ ರಕ್ತದ ಗ್ಲೂಕೋಸನ್ನು ಎಳೆದುಕೊಳ್ಳುತ್ತದೆ. ಅನ್ನ ಉಂಡ ದಿನವೂ ನಡೆದರೆ ನನ್ನ ರೀಡಿಂಗ್ 25-30 ಅಂಕ ಕಡಿಮೆ ಇರುತ್ತಿತ್ತು.

ಮೂರು ತಿಂಗಳ ನಂತರ ಟ್ರೈಗ್ಲಿಸರೈಡ್ 171, ಎಚ್‌ಬಿಎ1ಸಿ 5.8. ತೂಕ 72 ಕೆಜಿಯಿಂದ 67ಕ್ಕೆ ಬಂತು. ಇದರಲ್ಲಿ ಜ್ಯೂಸ್ ಬಿಟ್ಟಿದ್ದರ ಪಾಲೆಷ್ಟು, ಅನ್ನ ಇಳಿಸಿದ್ದರ ಪಾಲೆಷ್ಟು ಅಂತ ಬಿಡಿಸಿ ಹೇಳಲು ಬರುವುದಿಲ್ಲ, ಎಲ್ಲವನ್ನೂ ಒಟ್ಟಿಗೇ ಮಾಡಿದ್ದೆ. ಆದರೆ ಈ ಸಲ ಟ್ಯೂಬಿನ ಹಿಂದೆ ಬೆರಳಿಟ್ಟಾಗ ಉಂಗುರದ ಹರಳೂ ಕಂಡಿತು.

ಜನವರಿಯಲ್ಲಿ ಕೊಪ್ಪಳದ ಗವಿಮಠದ ಜಾತ್ರೆಗೆ ಹೋದೆವು. ದಾಸೋಹದಲ್ಲಿ ಮಾದಲಿ ಬಡಿಸುತ್ತಾರೆ. ಗೋದಿ, ಬೆಲ್ಲ, ಪುಟಾಣಿ, ಕೊಬ್ಬರಿ, ಏಲಕ್ಕಿ, ಆ ವಾಸನೆಗೇ ಅರ್ಧ ಹೊಟ್ಟೆ ತುಂಬುತ್ತದೆ. ಬೇಡ ಅನ್ನಲಿಲ್ಲ. ರೊಟ್ಟಿ, ಪಲ್ಯ ಉಂಡು ಕೊನೆಗೆ ಒಂದು ಹಿಡಿ ತಿಂದೆ. ಮೊದಲಾಗಿದ್ದರೆ ಎಲೆ ತುಂಬ ಹಾಕಿಸಿಕೊಂಡು, ಬೆಲ್ಲದ್ದಲ್ವಾ, ಏನಾಗಲ್ಲ ಅನ್ನುತ್ತಿದ್ದೆ.

ರಕ್ತ ಕಡಿಮೆ ಇರುವ ಹೆಣ್ಣುಮಕ್ಕಳಿಗೆ ಬೆಲ್ಲ ತಿನ್ನು ಅನ್ನುವ ಮಾತು ನಮ್ಮ ಕಡೆ ತುಂಬಾ ಇದೆ. ಅವರನ್ನು ದಿನಾ ನೋಡುವವಳಾಗಿ ಇದನ್ನು ಹೇಳಲೇಬೇಕು. ಬೆಲ್ಲದಲ್ಲಿ ಕಬ್ಬಿಣ ಇದೆ, ನಿಜ. ಆದರೆ 10 ಗ್ರಾಂ ಬೆಲ್ಲದಲ್ಲಿ ಸಿಗುವುದು ಅರ್ಧ ಮಿಲಿಗ್ರಾಂ ಸುತ್ತಮುತ್ತ. ಹೆಂಗಸರಿಗೆ ದಿನಕ್ಕೆ ಬೇಕಾಗಿರುವುದು 29 ಮಿಲಿಗ್ರಾಂ. ಹಿಮೋಗ್ಲೋಬಿನ್ 7 ಇರುವ ತಾಯಿಗೆ ಬೆಲ್ಲ ಕೊಟ್ಟು ಕಬ್ಬಿಣದ ಮಾತ್ರೆ ತಪ್ಪಿಸಿದರೆ ಅದು ಅನ್ಯಾಯ. ಬೆಲ್ಲ ಕೊಳ್ಳುವಾಗ ಬಂಗಾರದಂತೆ ಹೊಳೆಯುವುದನ್ನು ನಾನು ಬಿಡುತ್ತೇನೆ. ಆ ಬಣ್ಣ ಬರಲೆಂದು ರಾಸಾಯನಿಕ ಹಾಕುವವರಿದ್ದಾರೆ. ಕಪ್ಪಗಿದ್ದದ್ದೇ ನನಗೆ ಇಷ್ಟ.

ಸಕ್ಕರೆ ಯಾವುದು ಅನ್ನುವುದೇ ನಿಜವಾಗಿ ಮುಖ್ಯವಾಗುವ ಸಮಯವೂ ಇದೆ. ಅದನ್ನು ನಾನು ಕಂಡಿದ್ದು ನಮ್ಮ ಅಪ್ಪನಲ್ಲಿ. ಕಳೆದ ಮುಂಗಾರಿನಲ್ಲಿ ಒಂದು ಭಾನುವಾರ ಊರಿಗೆ ಹೋಗಿದ್ದೆ. ಅಪ್ಪ ಬೆಳಿಗ್ಗೆ ಸಕ್ಕರೆ ಮಾತ್ರೆ ನುಂಗಿ ಹೊಲಕ್ಕೆ ಹೋದವರು ಎರಡಕ್ಕೆ ಬಂದರು. ಉಂಡಿರಲಿಲ್ಲ. ಬನಿಯನ್ ಬೆವರಿನಿಂದ ತೊಯ್ದಿತ್ತು. ಚೆಂಬು ಹಿಡಿದ ಕೈ ನಡುಗುತ್ತಿತ್ತು. “ಯಾಕೋ ಕಣ್ಣಿಗೆ ಕತ್ತಲಿ ಬಂದಂಗ ಆಗಾಕತ್ತೈತಿ” ಅಂದರು. ಮೀಟರ್ ಇಟ್ಟರೆ 52. 70ಕ್ಕಿಂತ ಕೆಳಗೆ ಬಂದರೆ ಅಪಾಯ ಅಂತಲೇ ತಿಳಿಯಬೇಕು.

ಅವ್ವ ಓಡಿಹೋಗಿ ಬೇಸನ್ ಉಂಡಿ ತಂದು ಬಾಯಿಗಿಟ್ಟಳು. ನಾನು ಸಕ್ಕರೆ ನೀರು ಕುಡಿಸಿದೆ. ಹದಿನೈದು ನಿಮಿಷ ಕಾದು ನೋಡಿದರೆ 55. ಏರಲೇ ಇಲ್ಲ. ಆಗ ಮಾತ್ರೆ ಚೀಟಿ ಕೈಗೆತ್ತಿಕೊಂಡೆ. ಎರಡನೇ ಮಾತ್ರೆ ವೋಗ್ಲಿಬೋಸ್. ಆ ಮಾತ್ರೆಯ ಕೆಲಸವೇ ಕರುಳಿನಲ್ಲಿ ಸಕ್ಕರೆ ಜೋಡಿಯ ಕೈ ಬಿಡಿಸದಂತೆ ತಡೆಯುವುದು. ಸಕ್ಕರೆ ಹೊಟ್ಟೆಯಲ್ಲಿದ್ದರೂ ಗ್ಲೂಕೋಸ್ ಬೇಗ ರಕ್ತಕ್ಕೆ ಇಳಿಯುತ್ತಿರಲಿಲ್ಲ. ಉಂಡಿಯಲ್ಲಿ ತುಪ್ಪ ಬೇರೆ, ಅದು ಇನ್ನಷ್ಟು ತಡ ಮಾಡುತ್ತದೆ. ಪಕ್ಕದ ಕಿರಾಣಿ ಅಂಗಡಿಯಿಂದ ಗ್ಲೂಕೋಸ್ ಪುಡಿ ತರಿಸಿ ಮೂರು ತುಂಬು ಚಮಚ ನೀರಿಗೆ ಹಾಕಿ ಕುಡಿಸಿದೆ. ಬಿಡಿಸಬೇಕಾದ ಜೋಡಿ ಇಲ್ಲ, ನೇರ ಗ್ಲೂಕೋಸ್. ಹದಿನೈದು ನಿಮಿಷಕ್ಕೆ 84. ಆಮೇಲೆ ಊಟ ಬಡಿಸಿದೆವು.

ಇಂಥ ಮಾತ್ರೆ ತೆಗೆದುಕೊಳ್ಳುವವರ ಮನೆಯಲ್ಲಿ ಗ್ಲೂಕೋಸ್ ಪುಡಿ ಇರಲೇಬೇಕು. ಪೊಟ್ಟಣದ ಹಿಂದೆ ಡೆಕ್ಸ್‌ಟ್ರೋಸ್ ಅಂತ ಬರೆದಿರುತ್ತದೆ, ಅದು ಗ್ಲೂಕೋಸೇ. ಬಣ್ಣ, ಹಣ್ಣಿನ ವಾಸನೆ ಬೆರೆಸಿದ ಕೆಲವದರಲ್ಲಿ ಮಾಮೂಲಿ ಸಕ್ಕರೆಯೂ ಇರುತ್ತದೆ, ಓದಿ ತನ್ನಿ. ಪ್ರಜ್ಞೆ ತಪ್ಪಿದವರ ಬಾಯಿಗೆ ಮಾತ್ರ ಏನೂ ಹಾಕಬೇಡಿ, ಉಸಿರುಗಟ್ಟುತ್ತದೆ. ತಕ್ಷಣ ಆಸ್ಪತ್ರೆಗೆ ಕರೆದೊಯ್ಯಿರಿ.

ಅಪ್ಪನ ಎಲೆ-ಅಡಿಕೆ ಸಂಚಿಯಲ್ಲಿ ಈಗ ಒಂದು ಅರೆ ಹೆಚ್ಚಾಗಿದೆ. ಅವ್ವ ಹಳೇ ಸೀರೆ ತುಂಡಿನಿಂದ ಹೊಲಿದದ್ದು. ಸುಣ್ಣದ ಡಬ್ಬಿ ಪಕ್ಕದಲ್ಲಿ ಸಣ್ಣ ಪೊಟ್ಟಣಗಳಲ್ಲಿ ಗ್ಲೂಕೋಸ್ ಪುಡಿ ಕಟ್ಟಿಟ್ಟಿರುತ್ತಾಳೆ. ತಿಂಗಳಿಗೊಮ್ಮೆ ಬಿಚ್ಚಿ ಹೊಸದು ತುಂಬುತ್ತಾಳೆ, ಹಳೆಯದು ಗಟ್ಟಿಯಾಗಿರುತ್ತದಂತೆ.