ಬೇಸ್‌ಬಾಲ್ ಗಾಯಾಳುಗಳ ಪಟ್ಟಿಯನ್ನು ಓದುವ ಬಗೆ

ಅಮೆರಿಕದ ಮೇಜರ್ ಲೀಗ್ ಬೇಸ್‌ಬಾಲ್‌ನಲ್ಲಿ ಗಾಯಗಳು ಹೆಚ್ಚುತ್ತಿವೆಯೇ ಎಂದು ತಿಳಿಯಹೊರಟವರ ಕೈಗೆ ಮೊದಲು ಸಿಗುವುದು ಗಾಯಾಳುಗಳ ಅಧಿಕೃತ ಪಟ್ಟಿ. ಅದರಲ್ಲಿನ ಹೆಸರುಗಳನ್ನು ಎಣಿಸುವ ಮುನ್ನ ಯಾವ ವರ್ಷ ಯಾವ ನಿಯಮವಿತ್ತೆಂಬುದನ್ನು ನೋಡಿಕೊಳ್ಳಬೇಕು. ಪಟ್ಟಿ ಸೇರಿದವರು ಹೊರಗಿರಬೇಕಾದ ಕನಿಷ್ಠ ಅವಧಿಯನ್ನು 2017ರಲ್ಲಿ 15 ದಿನಗಳಿಂದ 10ಕ್ಕೆ ಇಳಿಸಿದಾಗ, ಸಣ್ಣ ನೋವಿಗೂ ಆಟಗಾರನನ್ನು ಪಟ್ಟಿಗೆ ಸೇರಿಸಿ ಅವನ ಜಾಗಕ್ಕೆ ಬೇರೊಬ್ಬನನ್ನು ಕರೆಸಿಕೊಳ್ಳುವುದು ತಂಡಗಳಿಗೆ ಸುಲಭವಾಯಿತು. ಬ್ಯಾಟರ್‌ನತ್ತ ಚೆಂಡೆಸೆಯುವ ಪಿಚರ್‌ಗಳಿಗೆ ಈಗ ಮತ್ತೆ 15 ದಿನಗಳ ನಿಯಮವಿದೆ. ಆದ್ದರಿಂದ ಹೆಸರುಗಳ ಸಂಖ್ಯೆಗಿಂತ ಆಟಗಾರರು ಹೊರಗುಳಿದ ಒಟ್ಟು ದಿನಗಳ ಲೆಕ್ಕವನ್ನೇ ನೆಚ್ಚುವುದು ಮೇಲು. 60 ಪಂದ್ಯಗಳಿಗೆ ಮೊಟಕಾದ 2020ರ ಋತುವನ್ನು 162 ಪಂದ್ಯಗಳ ಋತುಗಳೊಡನೆ ಹೋಲಿಸಲೇಬಾರದು.

ಬಳಿಕ ಪಿಚರ್‌ಗಳನ್ನು ಉಳಿದವರಿಂದ ಬೇರ್ಪಡಿಸಿ. ಉಳಿದವರನ್ನು ಹೆಚ್ಚಾಗಿ ಕಾಡುವುದು ನಿಂತಲ್ಲಿಂದ ಒಮ್ಮೆಲೇ ಓಟ ಕೀಳುವಾಗ ಆಗುವ ಹ್ಯಾಮ್‌ಸ್ಟ್ರಿಂಗ್ (ತೊಡೆಯ ಹಿಂಭಾಗದ ಸ್ನಾಯು) ಸೆಳೆತ. ಪಿಚರ್‌ಗಳನ್ನು ಕಾಡುವುದು ಭುಜ ಮತ್ತು ಮೊಣಕೈ. ಇವೆರಡನ್ನೂ ಒಂದೇ ಸರಾಸರಿಯಲ್ಲಿ ಬೆರೆಸಿದರೆ ಮುಖ್ಯ ಸಂಗತಿಯೇ ಮರೆಯಾಗುತ್ತದೆ.

ಆ ಮುಖ್ಯ ಸಂಗತಿ ಮೊಣಕೈಯ ಒಳಬದಿಯ ಅಸ್ಥಿರಜ್ಜು. ಲಾಸ್ ಏಂಜಲೀಸ್ ಡಾಡ್ಜರ್ಸ್ ತಂಡದ ಪಿಚರ್ ಟಾಮಿ ಜಾನ್ ಅವರ ಹರಿದ ರಜ್ಜುವಿನ ಜಾಗಕ್ಕೆ 1974ರಲ್ಲಿ ವೈದ್ಯ ಫ್ರಾಂಕ್ ಜೋಬ್ ಅವರು ಜಾನ್ ಅವರದೇ ಇನ್ನೊಂದು ಕೈಯ ಸ್ನಾಯುರಜ್ಜುವನ್ನು ಕಸಿ ಮಾಡಿದರು. ಜಾನ್ 1989ರವರೆಗೂ ಆಡಿದರು. ಇಂದು ಅವರ ಹೆಸರಿನಲ್ಲೇ ಕರೆಯಲಾಗುವ ಈ ಶಸ್ತ್ರಚಿಕಿತ್ಸೆಯ ಸಂಖ್ಯೆ ಏರಿದೆ ಎಂದಾಗ ಎಚ್ಚರದಿಂದಿರಬೇಕು. ಹಿಂದೆ ಇಂಥ ಪಿಚರ್ 'ಕೈ ಸೋತಿತು' ಎನಿಸಿಕೊಂಡು ಸದ್ದಿಲ್ಲದೆ ಆಟ ಬಿಡುತ್ತಿದ್ದ, ಈಗ ಲೆಕ್ಕಕ್ಕೆ ಸಿಗುತ್ತಾನೆ. ಹಾಗೆಂದು ಇಡೀ ಏರಿಕೆಯನ್ನು ಲೆಕ್ಕದ ಭ್ರಮೆ ಎನ್ನುವಂತಿಲ್ಲ. 2008ರಲ್ಲಿ ಗಂಟೆಗೆ 91.3 ಮೈಲಿಯಿದ್ದ ಫೋರ್-ಸೀಮ್ ಫಾಸ್ಟ್‌ಬಾಲ್ ಎಂಬ ವೇಗದ ಎಸೆತದ ಸರಾಸರಿ ವೇಗ 2024ಕ್ಕೆ 94.2 ಮೈಲಿಗೆ ಏರಿದೆ. ಎಸೆತದ ರಭಸಕ್ಕೆ ಸ್ನಾಯುಗಳನ್ನು ಹುರಿಗಟ್ಟಿಸಬಹುದು, ಆದರೆ ರಜ್ಜುವನ್ನು ಅದೇ ಪ್ರಮಾಣದಲ್ಲಿ ಬಲಪಡಿಸಲಾಗದು.

2023ರಲ್ಲಿ ಬಂದ ಪಿಚ್ ಕ್ಲಾಕ್, ಅಂದರೆ ಎಸೆತಗಳ ನಡುವಿನ ಸಮಯಮಿತಿ, ದಣಿವು ಹೆಚ್ಚಿಸಿತೆಂಬುದು ಆಟಗಾರರ ಸಂಘದ ಆಕ್ಷೇಪ. ಇದನ್ನು ಪರೀಕ್ಷಿಸುವವರು ನಕ್ಷೆಯನ್ನು 2023ರಿಂದಲ್ಲ, ಕನಿಷ್ಠ ಹತ್ತು ವರ್ಷ ಹಿಂದಿನಿಂದ ಆರಂಭಿಸಲಿ. ಮೊಣಕೈ ಗಾಯಗಳ ಏರಿಕೆ ಗಡಿಯಾರಕ್ಕಿಂತ ಹಳೆಯದು.

ಕೊನೆಯದಾಗಿ, ಪಟ್ಟಿಯಲ್ಲಿ ಇಲ್ಲದವರನ್ನೂ ಹುಡುಕಬೇಕು. ಪಿಚಿಂಗ್, ಬ್ಯಾಟಿಂಗ್ ಎರಡನ್ನೂ ಮಾಡುವ ಶೊಹೇ ಒಟಾನಿ 2023ರ ಸೆಪ್ಟೆಂಬರ್‌ನಲ್ಲಿ ಮೊಣಕೈ ಶಸ್ತ್ರಚಿಕಿತ್ಸೆಗೆ ಒಳಗಾಗಿ 2024ರಲ್ಲಿ ಒಂದೇ ಒಂದು ಪಂದ್ಯದಲ್ಲೂ ಪಿಚ್ ಮಾಡಲಿಲ್ಲ. ಆದರೆ ಬ್ಯಾಟರ್ ಆಗಿ 54 ಹೋಮ್ ರನ್ ಹೊಡೆದ ಅವರು ಆ ವರ್ಷದ ಗಾಯಾಳುಗಳ ಪಟ್ಟಿಯಲ್ಲಿ ಎಲ್ಲೂ ಕಾಣಸಿಗುವುದಿಲ್ಲ.