ಸ್ಟ್ರಕ್ಟ್ ಒಳಗಿನ ನಾಲ್ಕು ಖಾಲಿ ಬೈಟ್

ಅಳತೆ ಬೋರ್ಡಿನ ಲಿನಕ್ಸ್ ಡ್ರೈವರ್ (ಬೋರ್ಡನ್ನು ನಡೆಸುವ ಕೋಡ್) ಒಂದು ನನ್ನ ಕೈಗೆ ಬಂದಾಗ ಜೊತೆಗೇ ಒಂದು ದೂರೂ ಬಂತು. ಪಿಸಿಗೆ 64 ಬಿಟ್ ಕರ್ನಲ್ (ಲಿನಕ್ಸಿನ ತಿರುಳು) ಹಾಕಿದ ಮೇಲೆ ಹಳೇ 32 ಬಿಟ್ ಪ್ರೋಗ್ರಾಂ ಓಡುತ್ತಿಲ್ಲ. ಡ್ರೈವರಿಗೆ ಕಮಾಂಡ್ ಕಳಿಸುವ ಐಆಕ್ಟಲ್ (ioctl) ಕರೆದರೆ ಇನಾಟ್‌ಟಿವೈ (ENOTTY), ಅಂದ್ರೆ ಈ ಕಮಾಂಡ್ ಗೊತ್ತಿಲ್ಲ ಅನ್ನುವ ಎರರ್. ಆ ಪ್ರೋಗ್ರಾಮಿನ ಸೋರ್ಸ್ ಯಾರ ಹತ್ತಿರವೂ ಇಲ್ಲ. ಹಾಗಾಗಿ ಡ್ರೈವರನ್ನೇ ಸರಿ ಮಾಡಬೇಕು.

ಪ್ರೋಗ್ರಾಂ ಕರ್ನಲ್ಲಿಗೆ ಮಾಡುವ ಕರೆಗಳನ್ನು ತೋರಿಸುವ ಎಸ್‌ಟ್ರೇಸ್ ಹಾಕಿ, 32 ಮತ್ತು 64 ಬಿಟ್ ಪ್ರೋಗ್ರಾಂಗಳು ಕಳಿಸುವ ಕಮಾಂಡ್ ನಂಬರುಗಳನ್ನು ಪಕ್ಕಪಕ್ಕ ಇಟ್ಟು ನೋಡಿದೆ. ಉಳಿದದ್ದೆಲ್ಲ ಒಂದೇ, ಗಾತ್ರ ಹೇಳುವ ಬಿಟ್‌ಗಳು ಮಾತ್ರ ಬೇರೆ. ಒಂದರಲ್ಲಿ 12, ಇನ್ನೊಂದರಲ್ಲಿ 16. ಐಆಕ್ಟಲ್ ನಂಬರಿನೊಳಗೆ, ಕಮಾಂಡಿನ ಜೊತೆ ಹೋಗುವ ಸ್ಟ್ರಕ್ಟಿನ (ಫೀಲ್ಡುಗಳ ಕಟ್ಟು) ಗಾತ್ರವೂ ಸೇರಿರುತ್ತದೆ ಅಲ್ವಾ? 32 ಬಿಟ್ ಪ್ರೋಗ್ರಾಂಗಳ ಕರೆಗೆಂದೇ ಇರುವ ಕಂಪ್ಯಾಟ್ ಐಆಕ್ಟಲ್ ಡ್ರೈವರಿನಲ್ಲಿ ಇತ್ತು, ಆದ್ರೆ ಅದು ಸುಮ್ನೆ ಮಾಮೂಲಿ ಹ್ಯಾಂಡ್ಲರಿಗೇ ದಾಟಿಸುತ್ತಿತ್ತು. ಅಲ್ಲಿ 12 ಬೈಟಿನ ಕಮಾಂಡಿಗೆ ಗುರುತೇ ಇಲ್ಲ.

ಸ್ಟ್ರಕ್ಟ್ ತೀರಾ ಚಿಕ್ಕದು: ಯು32 (4 ಬೈಟಿನ ಸಂಖ್ಯೆ) ಚಾನೆಲ್, ಆಮೇಲೆ ಯು64 (8 ಬೈಟಿನದು) ಟೈಮ್‌ಸ್ಟ್ಯಾಂಪ್. ಐ386ರಲ್ಲಿ (ಪಿಸಿಯ 32 ಬಿಟ್ ರೂಪ) ಸ್ಟ್ರಕ್ಟ್ ಒಳಗಿನ ಯು64ಗೆ 4 ಬೈಟಿನ ಅಲೈನ್‌ಮೆಂಟ್ ಸಾಕು, ಅಂದ್ರೆ 4ರಿಂದ ಭಾಗವಾಗುವ ಜಾಗದಲ್ಲಿ ಕೂತರೆ ಸಾಕು. ಎಕ್ಸ್86-64ಕ್ಕೆ (64 ಬಿಟ್ ರೂಪ) 8 ಬೇಕು, ಅದಕ್ಕೇ ಕಂಪೈಲರ್ ನಡುವೆ 4 ಬೈಟ್ ಖಾಲಿ ಬಿಡುತ್ತದೆ. ಸ್ಟ್ರಕ್ಟಿನ ಒಳಜೋಡಣೆ ತೋರಿಸುವ ಪಾಹೋಲ್ ಓಡಿಸಿದರೆ ಆ ತೂತು ಎದ್ದು ಕಾಣುತ್ತದೆ. ತಮಾಷೆ ಅಂದ್ರೆ 32 ಬಿಟ್ ಎಆರ್‌ಎಂ ಪ್ರೊಸೆಸರ್ ಕೂಡ 8 ಕೇಳುತ್ತದೆ, ಅಲ್ಲೂ ಗಾತ್ರ 16. ಈ ಡ್ರೈವರಿನ 32 ಬಿಟ್ ಟೆಸ್ಟೆಲ್ಲ ಎಆರ್‌ಎಂ ಮೇಲೇ ನಡೆದಿತ್ತು. ಪಾಸಾಗದೆ ಇನ್ನೇನು!

ಪ್ಯಾಕ್ಡ್ ಅಂತ (ನಡುವೆ ಖಾಲಿ ಬಿಡಬೇಡ ಅಂತ ಕಂಪೈಲರಿಗೆ ಹೇಳುವ ಗುರುತು) ಹಾಕಿಬಿಡಿ ಅಂದರು ಒಬ್ಬರು. ಹಾಕಿದರೆ ಇವತ್ತು ಸರಿಯಾಗಿ ಓಡುತ್ತಿರುವ 64 ಬಿಟ್ ಪ್ರೋಗ್ರಾಂಗಳು ಕೆಡುತ್ತವೆ. ನಾನು ಆ ತೂತಿನ ಜಾಗದಲ್ಲೇ ಯು32 ಪ್ಯಾಡ್ ಅಂತ ಬರೆದೆ, ಟೈಮ್‌ಸ್ಟ್ಯಾಂಪನ್ನು ಅಲೈನ್ಡ್ ಯು64 (ಎಲ್ಲೆಡೆ 8ರ ಅಲೈನ್‌ಮೆಂಟೇ ಇರುವ ಯು64) ಮಾಡಿದೆ. ಗಾತ್ರ 16 ಹಾಗೇ ಉಳಿಯಿತು, ನಂಬರೂ ಬದಲಾಗಲಿಲ್ಲ. ಹಳೇ 32 ಬಿಟ್ ಪ್ರೋಗ್ರಾಮಿಗೆ ಕಂಪ್ಯಾಟ್ ಯು64 (ಐ386ರ ಹಾಗೆ 4ರ ಅಲೈನ್‌ಮೆಂಟ್ ಇರುವ ಯು64) ಬಳಸಿ 12 ಬೈಟಿನ ಬೇರೆ ಸ್ಟ್ರಕ್ಟ್, ಕಂಪ್ಯಾಟ್ ಹ್ಯಾಂಡ್ಲರಿನಲ್ಲಿ ಅದಕ್ಕೊಂದು ಕೇಸ್. ಗಾತ್ರಕ್ಕೂ ಆಫ್‌ಸೆಟ್ಟಿಗೂ (ಫೀಲ್ಡ್ ಶುರುವಾಗುವ ಜಾಗ) ಸ್ಟ್ಯಾಟಿಕ್ ಅಸರ್ಟ್, ಅಂದ್ರೆ ಕಂಪೈಲ್ ಹೊತ್ತಿನ ತಪಾಸಣೆ, ಹಾಕಿದೆ. ಇನ್ನು ಯಾರಾದ್ರೂ ಫೀಲ್ಡ್ ಸರಿಸಿದರೆ ಬಿಲ್ಡೇ ನಿಲ್ಲುತ್ತದೆ.

ಪ್ಯಾಡ್ ಸೊನ್ನೆ ಇಲ್ಲದಿದ್ದರೆ ಇಇನ್‌ವಾಲ್ (EINVAL, ತಪ್ಪು ಮೌಲ್ಯ ಅನ್ನುವ ಎರರ್) ಕೊಡಬೇಕು ಅನ್ನುವುದು ಒಳ್ಳೆ ರೂಢಿ. ಆಗ ಮುಂದೆ ಆ ಜಾಗಕ್ಕೆ ಬೇರೆ ಅರ್ಥ ಕೊಡಬಹುದು. ಆದ್ರೆ ಈ ಕಮಾಂಡಿನಲ್ಲಿ ಅದು ಆಗಲ್ಲ. ಹಳೇ 64 ಬಿಟ್ ಪ್ರೋಗ್ರಾಂಗಳು ಆ ತೂತಿನಲ್ಲಿ ಕಸ ತುಂಬಿಯೇ ಕಳಿಸುತ್ತಿರಬಹುದು, ಕೇಳಿದವರಾರು? ಆ ನಿಯಮ ಹೊಸ ಕಮಾಂಡುಗಳಿಗೆ ಮಾತ್ರ ಇಟ್ಟೆ.

ಇದೆಲ್ಲಕ್ಕಿಂತ ಜಾಸ್ತಿ ಗಾಬರಿಯಾದದ್ದು ವಾಪಸ್ ಹೋಗುವ ದಾರಿ ನೋಡಿ. ಹ್ಯಾಂಡ್ಲರ್ ಎರಡು ಫೀಲ್ಡ್ ತುಂಬಿ, 16 ಬೈಟನ್ನೂ ಕಾಪಿ ಟು ಯೂಸರ್ ಮಾಡುತ್ತಿತ್ತು, ಅಂದ್ರೆ ಪ್ರೋಗ್ರಾಮಿನ ಮೆಮೊರಿಗೆ ನಕಲಿಸುತ್ತಿತ್ತು. ಹಾಗಾಗಿ ಪ್ರತಿ ಸಲವೂ ಕರ್ನಲ್ ಸ್ಟ್ಯಾಕಿನಲ್ಲಿ (ತಾತ್ಕಾಲಿಕ ಮೆಮೊರಿ) ಬಿದ್ದಿದ್ದ 4 ಬೈಟ್ ಹೊರಗೆ ಸೋರಬಹುದಿತ್ತು. ಹೆಸರಿಲ್ಲದ ತೂತನ್ನು ಇನಿಷಿಯಲೈಸರ್ (ಸ್ಟ್ರಕ್ಟಿಗೆ ಮೊದಲ ಬೆಲೆ ಕೊಡುವ ಬರಹ) ಸೊನ್ನೆ ಮಾಡುತ್ತದೆ ಅಂತ ನೆಚ್ಚುವ ಹಾಗಿಲ್ಲ. ಪ್ಯಾಡ್ ಅಂತ ಹೆಸರು ಬಂದ ಮೇಲೆ ಅದು ಸೊನ್ನೆ ಮಾಡಲೇಬೇಕು. ಆದ್ರೂ ಇಡೀ ಸ್ಟ್ರಕ್ಟನ್ನು ಸೊನ್ನೆ ಮಾಡುವ ಒಂದು ಮೆಮ್‌ಸೆಟ್ ಹಾಕಿಯೇ ಪ್ಯಾಚ್ ಕಳಿಸಿದೆ.