ಚರ್ಮದ ಹಾಳೆಯ ಮೇಲೆ ಭಾಗ್ಯಚಕ್ರ ಬರೆದ ಅನುಭವ

ಮೈಸೂರು ಶೈಲಿಯ ಚಿತ್ರ ಬರೆಯುತ್ತಿದ್ದವಳಿಗೆ ಯುರೋಪಿನ ಹಳೆಯ ಹಸ್ತಪ್ರತಿಗಳ ಹುಚ್ಚು ಹಿಡಿದದ್ದು ಒಂದೇ ಒಂದು ಪುಟದಿಂದ. ಕಾರ್ಮಿನಾ ಬುರಾನಾ ಅನ್ನೋ ಹಾಡುಗಳ ಹಸ್ತಪ್ರತಿ, ಸುಮಾರು 1230ರದ್ದು. ಈಗ ಮ್ಯೂನಿಕ್‌ನ ಬವೇರಿಯಾ ರಾಜ್ಯ ಗ್ರಂಥಾಲಯದಲ್ಲಿದೆ. ಅದರಲ್ಲಿ ಭಾಗ್ಯದೇವತೆ ಫೋರ್ಟುನಾ ಚಕ್ರದ ನಡುವೆ ಕೂತಿದ್ದಾಳೆ. ಎಡಕ್ಕೆ ಒಬ್ಬ ಹತ್ತುತ್ತಿದ್ದಾನೆ, ಮೇಲೊಬ್ಬ ಕಿರೀಟ ತೊಟ್ಟು ಕೂತಿದ್ದಾನೆ, ಬಲಕ್ಕೆ ಒಬ್ಬ ಜಾರಿ ಬೀಳುತ್ತಿದ್ದಾನೆ, ಅಡಿಯಲ್ಲೊಬ್ಬ ಮಲಗಿಬಿಟ್ಟಿದ್ದಾನೆ.

ಅದನ್ನು ನೋಡಿಕೊಂಡು ನನ್ನದೇ ಒಂದು ಪುಟ ಮಾಡಬೇಕು ಅನ್ನಿಸಿತು. ಕಿರೀಟಕ್ಕೂ ಚಕ್ರದ ಅಂಚಿಗೂ ಚಿನ್ನ ಹಾಕಬೇಕು ಅಂದುಕೊಂಡೆ.

ಕರುವಿನ ಚರ್ಮದ ಹಾಳೆಯನ್ನು ಪ್ಯೂಮಿಸ್ ಪುಡಿಯಿಂದ ಉಜ್ಜಿ ಕೈವಾರದಿಂದ ಚಕ್ರ ಎಳೆದೆ. ಆಮೇಲೆ ಚಿನ್ನ. ಬಣ್ಣಕ್ಕಿಂತ ಮೊದಲು ಚಿನ್ನವೇ ಆಗಬೇಕು, ಇಲ್ಲದಿದ್ದರೆ ರೇಕು, ಅಂದರೆ ಚಿನ್ನದ ತೆಳು ಹಾಳೆ, ಬಣ್ಣದ ಗೋಂದಿಗೂ ಅಂಟಿಕೊಳ್ಳುತ್ತದೆ. ಮೈಸೂರು ಚಿತ್ರಗಳಲ್ಲಿ ಚಿನ್ನದ ಕೆಳಗೆ ಹಚ್ಚುವ ನಮ್ಮ ಮಕ್ಕಿ ಸಫೇದದ ಹಾಗೆ ಅಲ್ಲೂ ಉಬ್ಬು ಕೊಡಲು ಒಂದು ಲೇಪ ಇದೆ, ಜೆಸ್ಸೋ ಅಂತ. ನೀರಲ್ಲಿ ನೆನೆಸಿ ಸತ್ವ ಕಳೆದ ಪ್ಲಾಸ್ಟರ್, ಸೀಸದ ಬಿಳಿ, ಅಂಟು, ಸ್ವಲ್ಪ ಸಕ್ಕರೆ, ಬಣ್ಣಕ್ಕೆ ಚಿಟಿಕೆ ಕೆಮ್ಮಣ್ಣು. ಸೀಸ ವಿಷ, ಹಾಗಾಗಿ ನಾನು ಸೀಮೆಸುಣ್ಣದ ಪುಡಿ ಹಾಕಿದೆ. ಮೊದಲ ಸಲ ಸಕ್ಕರೆ ಕಡಿಮೆಯಾಯಿತು. ಒಣಗಿದ ಲೇಪ ಬಿರುಕು ಬಿಟ್ಟು, ಹಾಳೆ ಸ್ವಲ್ಪ ಬಾಗಿಸಿದ್ದೇ ತಡ, ಚಕ್ಕೆ ಚಕ್ಕೆಯಾಗಿ ಎದ್ದಿತು. ಎಲ್ಲ ಕೆರೆದು ಮತ್ತೆ ಹಾಕಿದೆ.

ನಾನು ಕಲಿತ ಪದ್ಧತಿಯಲ್ಲಿ ರೇಕು ಅಂಟಿಸಲು ಗೋಂದು ಸವರುತ್ತೇವೆ. ಇಲ್ಲಿ ಉಸಿರೇ ಸಾಕು! ಬಿದಿರಿನ ಕೊಳವೆಯಿಂದ ಹೊಟ್ಟೆಯಾಳದ ಬಿಸಿ ಉಸಿರನ್ನು ಮೂರು ನಾಲ್ಕು ಸಲ ಲೇಪದ ಮೇಲೆ ಬಿಟ್ಟರೆ ಸಕ್ಕರೆ ತೇವ ಹೀರಿಕೊಂಡು ಅಂಟಾಗುತ್ತದೆ. ತಕ್ಷಣ ರೇಕು ಇಟ್ಟು ರೇಷ್ಮೆ ಬಟ್ಟೆ ಮೇಲಿಂದ ಒತ್ತಬೇಕು. ಬೇಸಿಗೆ ಮಧ್ಯಾಹ್ನ ಎಷ್ಟು ಊದಿದರೂ ಹಿಡಿಯಲಿಲ್ಲ. ಮರುದಿನ ಬೆಳಗಿನ ಜಾವ ಎದ್ದು, ಗಾಳಿಯಲ್ಲಿ ತಂಪಿರುವಾಗ ಮಾಡಿದೆ. ಒಂದೇ ಸಲಕ್ಕೆ ಹಿಡಿಯಿತು. ಅಗೇಟ್ ಕಲ್ಲಿನಿಂದ ತಿಕ್ಕುತ್ತಾ ಹೋದಂತೆ ಮಂಕಾಗಿದ್ದ ರೇಕು ನಿಧಾನಕ್ಕೆ ಕನ್ನಡಿಯಾಯಿತು. ಆ ಹೊತ್ತಿನ ಖುಷಿಯನ್ನು ಹೇಗೆ ಹೇಳಲಿ!

ಬಣ್ಣದಲ್ಲಿ ಹೆಚ್ಚು ಕಷ್ಟವಾಗಲಿಲ್ಲ. ಲ್ಯಾಪಿಸ್ ಕಲ್ಲಿನ ನೀಲಿ ದುಬಾರಿ, ಆಗಿನ ಕಾಲಕ್ಕೆ ಆಫ್ಘಾನಿಸ್ತಾನದ ಬದಕ್ಷಾನ್‌ನಿಂದ ಬರಬೇಕಿತ್ತು. ಅದನ್ನು ಫೋರ್ಟುನಾಳ ಉಡುಪಿಗೆ ಮಾತ್ರ ಬಳಸಿದೆ. ಅಂಚಿಗೆ ಇಂಗಳೀಕದ ಕೆಂಪು.

ನಿಜವಾಗಿ ಎಡವಿದ್ದು ಮುಖಗಳಲ್ಲಿ. ಕರಡಿನಲ್ಲಿ ನಾಲ್ವರಿಗೂ ಬೇರೆ ಬೇರೆ ಮುಖ ಬರೆದಿದ್ದೆ. ಆಮೇಲೆ ಮೂಲದಲ್ಲಿ ಅವರ ಪಕ್ಕ ಬರೆದ ಲ್ಯಾಟಿನ್ ಮಾತುಗಳನ್ನು ಬಿಡಿಸಿ ಓದಿದೆ. ರೆಗ್ನಾಬೊ, ಆಳುವೆನು. ರೆಗ್ನೊ, ಆಳುತ್ತಿದ್ದೇನೆ. ರೆಗ್ನಾವಿ, ಆಳಿದ್ದೆ. ಸುಮ್ ಸಿನೆ ರೆಗ್ನೊ, ನನಗೆ ರಾಜ್ಯವಿಲ್ಲ. ಒಬ್ಬನೇ ಮಾತಾಡುತ್ತಿದ್ದಾನೆ, ಅಲ್ವಾ? ನಾಲ್ಕು ಮುಖವನ್ನೂ ಅಳಿಸಿದೆ.

ಬೀಳುವವನ ಮುಖ ಬರೆಯಲು ಹಾಳೆ ತಿರುಗಿಸಿಕೊಳ್ಳಲೇಬೇಕು. ತಿರುಗಿಸಿದಾಗಲೆಲ್ಲ ಇನ್ನೊಬ್ಬ ಮೇಲೆ ಬರುತ್ತಿದ್ದ. ಮೂಗು, ಗಡ್ಡ, ಕೂದಲು ಎಲ್ಲ ಒಂದೇ ಇಟ್ಟೆ. ಹುಬ್ಬು ಮತ್ತು ತುಟಿಯ ಗೆರೆ ಮಾತ್ರ ಬೇರೆ. ಅಡಿಯಲ್ಲಿ ಮಲಗಿದವನ ಕಣ್ಣು ಮುಚ್ಚಲು ಮನಸ್ಸಾಗಲಿಲ್ಲ. ಮೇಲಿನ ಚಿನ್ನದ ಕಿರೀಟದ ಕಡೆಗೇ ನೋಡುವಂತೆ ಬಿಟ್ಟೆ.